ಬನ್ನಿ ಮರದ ಮರುಭೂಮಿಯಿಂದ ದೇವದಾರಿನ ಕಣಿವೆಗೆ: ಮಲೆನಾಡಿಗರಿಗೊಂದು ಪ್ರವಾಸ ಕೈಪಿಡಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಜೈಸಲ್ಮೇರಿನಲ್ಲಿ 200 ಮಿಲಿಮೀಟರ್ ಬಿದ್ದರೆ ಅದು ಒಳ್ಳೆಯ ವರ್ಷ. ಆಷಾಢದ ಒಂದು ಜೋರು ದಿನದಲ್ಲಿ ನಮ್ಮ ಅಂಗಳಕ್ಕೆ ಸುರಿದು ಹೋಗುವಷ್ಟು ನೀರಿನಲ್ಲಿ ಅಲ್ಲಿಯ ಜನ, ಜಾನುವಾರು, ಗಿಡಮರ, ಹಕ್ಕಿಗಳು ಇಡೀ ವರ್ಷ ಬಾಳುತ್ತವೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಈಗೀಗ ಹತ್ತು ಹನ್ನೆರಡು ಜನ ಸೇರಿ, ಜೊತೆಗೊಬ್ಬ ಮಾರ್ಗದರ್ಶಿಯನ್ನು ಇಟ್ಟುಕೊಂಡು, ರಾಜಸ್ಥಾನದ ಮರುಭೂಮಿ ಮತ್ತು ಹಿಮಾಲಯ ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಿ ಬರುವ ರೂಢಿ ಬೆಳೆಯುತ್ತಿದೆ. ಅಂಥ ಪ್ರವಾಸವನ್ನು ಯೋಜಿಸುವವರಿಗಾಗಿ, ಎರಡು ಬಾರಿ ಹೋಗಿ ಬಂದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಮೊದಲ ಬಾರಿ ನಾವು ತಪ್ಪಾಗಿ ಹೋದೆವು, ಎರಡನೆಯ ಬಾರಿ ಸರಿಯಾಗಿ ಹೋದೆವು. ಈ ಎರಡರ ನಡುವೆ ನೋಡಿದ ಸ್ಥಳಗಳು ಹೆಚ್ಚೇನೂ ಬದಲಾಗಲಿಲ್ಲ. ನಡೆಯ ವೇಗ, ಕುಡಿದ ನೀರು ಮತ್ತು ದಾರಿ ತೋರಿಸಿದವರು ಬದಲಾದರು. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಆ ಮೂರು ವಿಷಯಗಳ ಸುತ್ತಲೇ ಇದೆ.

ನಾನು ಇಲ್ಲಿ ಇಟ್ಟುಕೊಂಡಿರುವ ಎರಡು ಉದ್ಯಾನಗಳೆಂದರೆ, ರಾಜಸ್ಥಾನದ ಜೈಸಲ್ಮೇರ್ ಮತ್ತು ಬಾಡ್‌ಮೇರ್ ಜಿಲ್ಲೆಗಳಲ್ಲಿ 3162 ಚದರ ಕಿಲೋಮೀಟರ್ ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನ ಹಾಗೂ ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ 754 ಚದರ ಕಿಲೋಮೀಟರ್ ವಿಸ್ತಾರವಿರುವ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ. ಎರಡನೆಯದನ್ನು 2014ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಎರಡು ವರ್ಷ ಮೊದಲು, 2012ರಲ್ಲಿ, ನಮ್ಮ ಕುದುರೆಮುಖ ಮತ್ತು ಆಗುಂಬೆಯ ಕಾಡುಗಳು ಪಶ್ಚಿಮ ಘಟ್ಟದ ಭಾಗವಾಗಿ ಅದೇ ಪಟ್ಟಿಗೆ ಸೇರಿದ್ದವು. ಅಷ್ಟರ ಮಟ್ಟಿಗೆ ನಾವು ಅಲ್ಲಿಗೆ ನೆಂಟರಾಗಿಯೇ ಹೋಗುತ್ತೇವೆ.

ಯಾವಾಗ ಹೊರಡಬೇಕು

ಮರುಭೂಮಿಗೆ ಅಕ್ಟೋಬರ್ ಮಧ್ಯದಿಂದ ಮಾರ್ಚ್ ಮೊದಲ ವಾರದವರೆಗೆ ಹೋಗಬಹುದು. ಹಿಮಾಲಯದ ಈ ಕಣಿವೆಗಳಿಗೆ ಏಪ್ರಿಲಿನಿಂದ ಜೂನ್ ಮತ್ತು ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮೊದಲರ್ಧದವರೆಗೆ ಒಳ್ಳೆಯ ಕಾಲ. ಎರಡೂ ಕೂಡುವುದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದ ಒಂದು ಸಣ್ಣ ಕಿಂಡಿಯಲ್ಲಿ ಮಾತ್ರ. ನಮ್ಮವರಿಗೆ ಇದರಲ್ಲೊಂದು ತೊಡಕಿದೆ. ಆ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿರುತ್ತದೆ, ಕೊನೆಗಾರರು ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಯಜಮಾನರು ಎರಡು ವಾರ ಮನೆ ಬಿಟ್ಟರೆ ಚಪ್ಪರದ ಕೆಲಸ ನಿಂತುಹೋಗುತ್ತದೆ. ಗದ್ದೆಯಿದ್ದವರಿಗೆ ಭತ್ತದ ಕೊಯ್ಲೂ ಹತ್ತಿರವಿರುತ್ತದೆ.

ನಾವು ಕಂಡುಕೊಂಡ ದಾರಿಯೆಂದರೆ ಭೂಮಿ ಹುಣ್ಣಿಮೆಯನ್ನು ಮನೆಯಲ್ಲಿ ಮಾಡಿ, ಮರುದಿನ ಹೊರಟು, ದೀಪಾವಳಿಯ ಗೋಪೂಜೆಗೆ ಮುನ್ನ ಮನೆ ಸೇರುವುದು. ಮಧ್ಯೆ ಸಿಗುವ ಎರಡು ವಾರದಲ್ಲಿ ಹದಿಮೂರು ದಿನದ ಪ್ರವಾಸ ಹಿಡಿಸುತ್ತದೆ, ಒಂದು ದಿನ ಕೈಯಲ್ಲಿ ಉಳಿಯುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ: ಅದು ಕೃಷ್ಣಪಕ್ಷವಾದ್ದರಿಂದ ನೀವು ಮರುಭೂಮಿಯಲ್ಲಿರುವ ರಾತ್ರಿಗಳಲ್ಲಿ ಚಂದ್ರ ಹುಟ್ಟುವ ಮುನ್ನ ಎರಡು ಮೂರು ಗಂಟೆ ಗಾಢ ಕತ್ತಲೆ ಸಿಗುತ್ತದೆ. ಮೋಡವಿಲ್ಲದ, ಮರಗಳ ಮರೆಯಿಲ್ಲದ ಆಕಾಶದಲ್ಲಿ ನಕ್ಷತ್ರ ನೋಡುವುದಕ್ಕೆ ನಮ್ಮ ಕಡೆ ಅವಕಾಶ ಬಹಳ ಕಡಿಮೆ. ಆದರೆ ಹುಣ್ಣಿಮೆ ಅಕ್ಟೋಬರಿನ ಮೊದಲ ವಾರಕ್ಕೇ ಬಿದ್ದ ವರ್ಷ ಮರುಭೂಮಿಯ ಮಧ್ಯಾಹ್ನ ಇನ್ನೂ 35 ಡಿಗ್ರಿ ದಾಟಿರುತ್ತದೆ. ಅಂಥ ವರ್ಷ ವಯಸ್ಸಾದವರನ್ನು ಕರೆದೊಯ್ಯದಿರುವುದೇ ಲೇಸು.

ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ದೆಹಲಿಯಿಂದ ದಕ್ಷಿಣಕ್ಕೆ ಬರುವ ರೈಲುಗಳು ತೆರೆದ ದಿನವೇ ತುಂಬುತ್ತವೆ. ಹಾಗಾಗಿ ಹೋಗುವಾಗ ರೈಲು, ಬರುವಾಗ ದೆಹಲಿಯಿಂದ ಬೆಂಗಳೂರಿಗೆ ವಿಮಾನ ಎಂದು ಇಟ್ಟುಕೊಳ್ಳುವುದು ನೆಮ್ಮದಿ.

ದಾರಿ ಮತ್ತು ದಿನಗಳ ಲೆಕ್ಕ

ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ರೈಲಿದೆ. ವಾರದ ಎಲ್ಲ ದಿನವೂ ಇಲ್ಲ, ಆದ್ದರಿಂದ ನಿಮ್ಮ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ. ಶಿವಮೊಗ್ಗದವರು ಹುಬ್ಬಳ್ಳಿಯಲ್ಲಿ ಹತ್ತುವುದು ಅನುಕೂಲ. ಮೊದಲ ಎರಡು ದಿನ ಪ್ರಯಾಣಕ್ಕೆ ಹೋಗುತ್ತವೆ. ಮೂರನೆಯ ದಿನ ಜೋಧಪುರ ಮತ್ತು ಖೇಜಡ್ಲಿ, ನಾಲ್ಕನೆಯ ದಿನ ಫಲೋದಿಯ ಬಳಿಯ ಖೀಚನ್ ನೋಡಿ ಜೈಸಲ್ಮೇರ್, ಐದು ಮತ್ತು ಆರನೆಯ ದಿನ ಮರುಭೂಮಿ ಉದ್ಯಾನ, ಆರರ ಸಂಜೆ ದೆಹಲಿಗೆ ರೈಲು. ಏಳನೆಯ ದಿನ ದೆಹಲಿಯಲ್ಲಿ ಪೂರ್ತಿ ವಿಶ್ರಾಂತಿ. ಎಂಟನೆಯ ದಿನ ಹಗಲಿನಲ್ಲಿ ಪ್ರಯಾಣ ಮಾಡಿ, ಮನಾಲಿ ಹೆದ್ದಾರಿಯ ಔಟ್ ಎಂಬಲ್ಲಿ ಬಲಕ್ಕೆ ತಿರುಗಿ, ಬಂಜಾರ್ ದಾಟಿ ತೀರ್ಥನ್ ನದಿಯ ದಡದ ಗುಶೈಣಿ. ಅಲ್ಲಿ ನಾಲ್ಕು ದಿನ ಇದ್ದು, ಹನ್ನೆರಡರ ರಾತ್ರಿ ಹೊರಟು ಹದಿಮೂರನೆಯ ದಿನ ದೆಹಲಿಯಿಂದ ಹಿಂತಿರುಗುವುದು.

ಈ ಪಟ್ಟಿಯಲ್ಲಿ ಉದಯಪುರ, ಜೈಪುರ, ಶಿಮ್ಲಾ, ಮನಾಲಿ ಯಾವುದೂ ಇಲ್ಲದಿರುವುದನ್ನು ನೋಡಿ ತಂಡದಲ್ಲಿ ಒಬ್ಬರಾದರೂ ಮುಖ ಸಣ್ಣ ಮಾಡುತ್ತಾರೆ. ಅಷ್ಟು ದೂರ ಹೋಗುತ್ತಿದ್ದೇವೆ, ಅದೊಂದು ಸೇರಿಸಿಬಿಡಿ ಎನ್ನುತ್ತಾರೆ. ಸೇರಿಸಬೇಡಿ. ನಮ್ಮ ಮೊದಲ ಪ್ರವಾಸ ಹದಗೆಟ್ಟದ್ದು ಸರಿಯಾಗಿ ಅಲ್ಲೇ. ಆಗ ನಮ್ಮನ್ನು ಕರೆದೊಯ್ದ ಸಂಸ್ಥೆಯೊಂದು ಹನ್ನೊಂದು ದಿನದಲ್ಲಿ ಹದಿನಾಲ್ಕು ಸ್ಥಳ ತೋರಿಸುವುದಾಗಿ ಕರಪತ್ರ ಅಚ್ಚುಹಾಕಿಸಿತ್ತು, ನಾವೂ ಆ ಹದಿನಾಲ್ಕನ್ನು ನೋಡಿಯೇ ಹಣ ಕಟ್ಟಿದ್ದೆವು. ಜೈಸಲ್ಮೇರಿಗೆ ಮಧ್ಯಾಹ್ನ ಒಂದು ಗಂಟೆಗೆ ತಲುಪಿದ ಕೂಡಲೇ, ಊಟ ಮುಗಿಸಿ, ವಿಶ್ರಾಂತಿಯಿಲ್ಲದೆ ಮರಳದಿಬ್ಬಕ್ಕೆ ಓಡಿಸಿದರು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು, ತೋಟದಲ್ಲಿ ದಿನವಿಡೀ ದುಡಿಯುವ ಗಟ್ಟಿ ಆಸಾಮಿ, ಇಷ್ಟು ಬಿಸಿಲಿದ್ದರೂ ಬೆವರೇ ಬರುವುದಿಲ್ಲ, ಹವೆ ಚೆನ್ನಾಗಿದೆ ಎಂದು ಹೇಳುತ್ತಲೇ ಇದ್ದರು. ಸಂಜೆ ಆರರ ಹೊತ್ತಿಗೆ ಮಾತು ತೊದಲಿ ಕುಸಿದು ಕುಳಿತರು. ಅವರನ್ನು ಹಿಡಿದೆತ್ತುವಾಗ ಕಪ್ಪು ಅಂಗಿಯ ಬೆನ್ನ ಮೇಲೆ ಸುಣ್ಣದ ಗೆರೆ ಎಳೆದಂತೆ ಬಿಳಿಯ ಉಪ್ಪು ಕಟ್ಟಿದ್ದನ್ನು ಕಂಡೆ. ಬೆವರು ಬಂದಿತ್ತು, ಒಣ ಗಾಳಿ ಅದನ್ನು ಬಂದಂತೆಯೇ ಹೀರಿಬಿಟ್ಟಿತ್ತು. ಒದ್ದೆ ಗಾಳಿಯ ಊರಿನವರಾದ ನಮಗೆ ಬೆವರೆಂದರೆ ಹಣೆಯಿಂದ ಇಳಿಯುವ ನೀರು, ಅಂಗಿಗೆ ಅಂಟುವ ಜಿಗುಟು. ಆ ಗುರುತು ಸಿಗದಿದ್ದಾಗ ದೇಹದಿಂದ ನೀರು ಹೋಗುತ್ತಿದೆ ಎಂದು ನಮಗೆ ತಿಳಿಯುವುದೇ ಇಲ್ಲ.

ಮಾರ್ಗದರ್ಶಿಯನ್ನು ಗೊತ್ತುಮಾಡುವುದು

ಇಡೀ ಪ್ರವಾಸಕ್ಕೆ ಒಬ್ಬನೇ ಮಾರ್ಗದರ್ಶಿ ಸಾಲುವುದಿಲ್ಲ. ಊರಿನಿಂದ ಜೊತೆಗೆ ಬರುವ ಕನ್ನಡದ ಸಂಯೋಜಕರೊಬ್ಬರು ಬೇಕು. ಟಿಕೆಟ್ಟು, ವಸತಿ, ಊಟ, ಔಷಧ ನೋಡಿಕೊಳ್ಳುವುದು ಮತ್ತು ಹಿಂದಿ ಬಾರದ ಹಿರಿಯರಿಗೆ ಮಾತು ದಾಟಿಸುವುದು ಅವರ ಕೆಲಸ. ಆದರೆ ಮರುಭೂಮಿಯಲ್ಲಿ ಆ ಮರುಭೂಮಿಯ ಹಳ್ಳಿಯವರು, ಕಣಿವೆಯಲ್ಲಿ ಆ ಕಣಿವೆಯವರು ಮುಂದೆ ನಡೆಯಬೇಕು. ಕೊಡಚಾದ್ರಿಯ ಕಾಡಿನಲ್ಲಿ ಮಳೆ ಯಾವ ಕಡೆಯಿಂದ ಬರುತ್ತದೆ ಎಂಬುದು ನಿಟ್ಟೂರಿನವರಿಗೆ ಗೊತ್ತಿರುವಂತೆ ಜೋಧಪುರದ ಗೈಡಿಗೆ ಗೊತ್ತಿರುವುದು ಸಾಧ್ಯವೇ? ಅದೇ ಮಾತು ಇಲ್ಲಿಗೂ ಸಲ್ಲುತ್ತದೆ.

ಹಣ ಕಟ್ಟುವ ಮುನ್ನ ಸಂಯೋಜಕರನ್ನು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ತಂಡದಲ್ಲಿ ಎಷ್ಟು ಜನ? ಹನ್ನೆರಡಕ್ಕಿಂತ ಹೆಚ್ಚಾದರೆ ಕಾಡಿನಲ್ಲಿ ಹಿಂದಿನವರಿಗೆ ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ಉದ್ಯಾನದ ಒಳಗೆ ಹೋಗುವ ಅನುಮತಿ ಯಾರ ಹೆಸರಿನಲ್ಲಿ, ಎಂದು ಸಿಗುತ್ತದೆ? ಸ್ಥಳೀಯ ಮಾರ್ಗದರ್ಶಿ ಯಾರು, ಅವರೊಂದಿಗೆ ಮೊದಲೇ ಫೋನಿನಲ್ಲಿ ಮಾತಾಡಬಹುದೇ? ಯಾರಿಗಾದರೂ ಹುಷಾರು ತಪ್ಪಿದರೆ ಅವರ ಜೊತೆ ಹಿಂದೆ ಉಳಿಯುವವರು ಯಾರು? ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತು? ವಿಶ್ರಾಂತಿಯ ದಿನವನ್ನು ತೆಗೆದು ಬೇರೆ ಸ್ಥಳ ಸೇರಿಸುವುದಿಲ್ಲ ಎಂದು ಬರೆದು ಕೊಡುತ್ತಾರೆಯೇ? ಕೊನೆಯ ಪ್ರಶ್ನೆಗೆ ಹಿಂದೇಟು ಹಾಕುವವರ ಜೊತೆ ಹೋಗಬೇಡಿ.

ಗ್ರೇಟ್ ಹಿಮಾಲಯನ್ ಉದ್ಯಾನದ ಬಗ್ಗೆ ಒಂದು ಮಾತು ಹೇಳಲೇಬೇಕು. 1999ರಲ್ಲಿ ಅಂತಿಮ ಅಧಿಸೂಚನೆಯಾದಾಗ ಅಂಚಿನ ಹಳ್ಳಿಗಳವರು ತಲೆತಲಾಂತರದಿಂದ ಕುರಿ ಮೇಯಿಸುತ್ತಿದ್ದ, ಗುಚ್ಛಿ ಅಣಬೆ ಮತ್ತು ಗಿಡಮೂಲಿಕೆ ತರುತ್ತಿದ್ದ ಮೇಲಿನ ಹುಲ್ಲುಗಾವಲುಗಳ ಹಕ್ಕು ಕಳೆದುಕೊಂಡರು. ಶರಾವತಿಯ ಹಿನ್ನೀರಿಗೆ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಕುದುರೆಮುಖದ ಕಾಡಂಚಿನ ಮನೆಗಳ ಆತಂಕವೂ ನಮಗೆ ಹೊಸದಲ್ಲ. ಹೀಗಿರುವಾಗ ಅಲ್ಲಿ ಹೊರೆ ಹೊರುವವರು, ಅಡುಗೆಯವರು, ದಾರಿ ತೋರುವವರು ಅದೇ ಹಳ್ಳಿಗಳವರಾಗಿರುವಂತೆ, ದುಡ್ಡು ಅವರ ಕೈಗೇ ನೇರವಾಗಿ ಸೇರುವಂತೆ ನೋಡಿಕೊಳ್ಳುವುದು ಪ್ರವಾಸಿಯಾದ ನಮ್ಮ ಹೊಣೆ ಎಂದೇ ನಾನು ತಿಳಿದಿದ್ದೇನೆ. ಅವರಿಗೆ ದಾರಿ ಗೊತ್ತಿರುವುದೂ ಆ ಹಳೆಯ ಕುರಿದಾರಿಗಳಿಂದಲೇ.

ಮೈ ಹದಮಾಡಿಕೊಳ್ಳುವುದು

ಎರಡು ತಿಂಗಳು ಮೊದಲು ನಡಿಗೆ ಶುರುಮಾಡಬೇಕು. ದಿನಕ್ಕೆ ನಾಲ್ಕೈದು ಕಿಲೋಮೀಟರ್ ನಡೆಯುವುದು, ವಾರಕ್ಕೊಮ್ಮೆ ಗುಡ್ಡ ಹತ್ತುವುದು ಸಾಕು. ತೀರ್ಥಹಳ್ಳಿಯ ಕಡೆಯವರಿಗೆ ಕವಲೇದುರ್ಗ, ಹೊಸನಗರದವರಿಗೆ ಕೊಡಚಾದ್ರಿ ಇದ್ದೇ ಇದೆ. ಮಳೆಗಾಲದ ಇಂಬಳ ಕಡಿಮೆಯಾಗುವವರೆಗೆ ಕಾಯುತ್ತಾ ಕುಳಿತರೆ ತಯಾರಿಗೆ ಸಮಯವೇ ಉಳಿಯುವುದಿಲ್ಲ. ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೊರಡಿ. ಕೊನೆಯದಾಗಿ ಒಮ್ಮೆ, ಆರೇಳು ಕಿಲೋ ತೂಕದ ಚೀಲ ಬೆನ್ನಿಗೇರಿಸಿಕೊಂಡು, ಪ್ರವಾಸಕ್ಕೆ ಹಾಕಿಕೊಳ್ಳುವ ಅದೇ ಬೂಟಿನಲ್ಲಿ ಕೊಡಚಾದ್ರಿಯನ್ನು ಹತ್ತಿ ಇಳಿಯಬೇಕು. ಇಳಿಯುವಾಗ ಕಾಲ ಹೆಬ್ಬೆರಳು ಬೂಟಿಗೆ ತಾಗಿ ನೋಯುತ್ತದೆಯೇ ಎಂದು ಗಮನಿಸಿ. ನೋಯುವುದಾದರೆ ಬೂಟು ಒಂದು ಅಳತೆ ಸಣ್ಣದು. ಇದನ್ನು ಹಿಮಾಲಯದಲ್ಲಿ ಕಂಡುಕೊಳ್ಳುವುದಕ್ಕಿಂತ ಇಲ್ಲೇ ಕಂಡುಕೊಳ್ಳುವುದು ಒಳ್ಳೆಯದು. ಕುದುರೆಮುಖ ಶಿಖರಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ.

ಆದರೆ ನಮ್ಮ ಬೆಟ್ಟಗಳು ಕಾಲಿಗೆ ಕಲಿಸುವುದನ್ನು ಶ್ವಾಸಕೋಶಕ್ಕೆ ಕಲಿಸಲಾರವು. ಕೊಡಚಾದ್ರಿ 1343 ಮೀಟರ್, ಕುದುರೆಮುಖ ಸುಮಾರು 1890 ಮೀಟರ್. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 2000 ಮೀಟರ್ ಮುಟ್ಟುವುದಿಲ್ಲ. ಎತ್ತರದ ತೊಂದರೆ ಸಾಮಾನ್ಯವಾಗಿ ಶುರುವಾಗುವುದು 2500 ಮೀಟರಿನ ಮೇಲೆ. ದಿನಾ ಗುಡ್ಡ ಹತ್ತುವ ಇಪ್ಪತ್ತೈದರ ಹುಡುಗನಿಗೂ ಅದು ಬರಬಹುದು, ಅರವತ್ತರ ಅಜ್ಜಿಗೆ ಬಾರದಿರಬಹುದು. ಗಟ್ಟಿತನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನು ತಂಡದ ತರುಣರಿಗೆ ಮೊದಲೇ ತಿಳಿಸಿ ಹೇಳಬೇಕು, ಏಕೆಂದರೆ ತಲೆನೋವನ್ನು ಮುಚ್ಚಿಟ್ಟುಕೊಂಡು ನಡೆಯುವವರು ಹೆಚ್ಚಾಗಿ ಅವರೇ. ರಕ್ತದೊತ್ತಡ, ಹೃದಯ, ಉಬ್ಬಸದ ತೊಂದರೆಯಿದ್ದವರು ಹೊರಡುವ ತಿಂಗಳ ಮೊದಲೇ ತಮ್ಮ ವೈದ್ಯರನ್ನು ಕಾಣಬೇಕು.

ಚೀಲದಲ್ಲಿ ಏನಿರಬೇಕು

ಎರಡು ಬೇರೆ ಪ್ರಪಂಚಗಳಿಗೆ ಒಂದೇ ಚೀಲ. ಮರುಭೂಮಿಗೆ ಸಡಿಲವಾದ, ತೋಳು ತುಂಬ ಇರುವ ಹತ್ತಿಯ ಬಟ್ಟೆ, ಕತ್ತು ಮುಚ್ಚುವ ಪಂಚೆ ಅಥವಾ ಟವೆಲು, ಅಂಚಿರುವ ಟೊಪ್ಪಿ. ಬೆಟ್ಟಕ್ಕೆ ಹತ್ತಿ ಆಗದು. ಬೆವರಿಗೆ ಒದ್ದೆಯಾದ ಹತ್ತಿ ಒಣಗದೆ ಮೈಯ ಬಿಸಿಯನ್ನು ಎಳೆದುಬಿಡುತ್ತದೆ. ಅಲ್ಲಿ ಮೈಗೆ ತಾಗುವಂತೆ ಬೇಗ ಒಣಗುವ ಬನಿಯನ್ನು, ಅದರ ಮೇಲೆ ಉಣ್ಣೆಯ ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು ಹೀಗೆ ಪದರ ಪದರವಾಗಿ ಹಾಕಿ, ಹತ್ತುವಾಗ ತೆಗೆದು ನಿಂತಾಗ ಹಾಕಿಕೊಳ್ಳಬೇಕು. ಮನೆಯಲ್ಲಿ ಹಳೆಯ ಕರಿಕಂಬಳಿಯಿದ್ದರೆ ಒಯ್ಯಿರಿ. ಮರುಭೂಮಿಯ ರಾತ್ರಿ ಮರಳಿನ ಮೇಲೆ ಹಾಸಲು, ತೀರ್ಥನ್ ದಡದಲ್ಲಿ ಹೊದೆಯಲು ಅದರಷ್ಟು ಒದಗುವ ವಸ್ತು ಇನ್ನೊಂದಿಲ್ಲ.

ತಿನಿಸಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಯಾರೂ ಮರೆಯುವುದಿಲ್ಲ. ನಾನು ಒತ್ತಿ ಹೇಳುವುದು ಒಣಗಿಸಿದ ಮುರುಗಲು ಸಿಪ್ಪೆಯ ಬಗ್ಗೆ. ಒಂದು ಲೀಟರಿನ ಬಾಟಲಿಗೆ ರಾತ್ರಿಯೇ ಏಳೆಂಟು ಸಿಪ್ಪೆ ಹಾಕಿಟ್ಟು, ಬೆಳಿಗ್ಗೆ ಚಿಟಿಕೆ ಉಪ್ಪು, ಒಂದು ಉಂಡೆ ಬೆಲ್ಲ ಕರಗಿಸಿದರೆ, ಬರೀ ನೀರು ಸೇರದೆ ಹೋದವರೂ ಅದನ್ನು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಎರಡನೆಯ ಪ್ರವಾಸದಲ್ಲಿ ನಮ್ಮ ಮರುಭೂಮಿಯ ಮಾರ್ಗದರ್ಶಿಗೆ ಆ ಕೆಂಪು ನೀರು ಎಷ್ಟು ಹಿಡಿಸಿತೆಂದರೆ ಉಳಿದ ಸಿಪ್ಪೆಯನ್ನೆಲ್ಲ ಅವರಿಗೇ ಕೊಟ್ಟು ಬಂದೆವು. ಇದು ಓಆರ್‌ಎಸ್‌ಗೆ ಬದಲಿಯಲ್ಲ. ತಲಾ ಆರೇಳು ಓಆರ್‌ಎಸ್ ಪೊಟ್ಟಣಗಳು ಬೇರೆಯೇ ಇರಬೇಕು. ತುಟಿ, ಹಿಮ್ಮಡಿ ಒಡೆಯುವುದಕ್ಕೆ ಕೊಬ್ಬರಿ ಎಣ್ಣೆ ಅಥವಾ ತುಪ್ಪ ಸಾಕು. ಆಧಾರ್ ಕಾರ್ಡಿನ ಮೂಲಪ್ರತಿ ಎಲ್ಲರ ಬಳಿಯೂ ಇರಲಿ, ಏಕೆಂದರೆ ಜೈಸಲ್ಮೇರ್ ಗಡಿಜಿಲ್ಲೆ. ಡ್ರೋನ್ ಒಯ್ಯಲೇಬೇಡಿ.

ಮರುಭೂಮಿಯ ದಿನಗಳು

ಜೋಧಪುರದಿಂದ ಸುಮಾರು 25 ಕಿಲೋಮೀಟರ್ ದೂರದ ಖೇಜಡ್ಲಿಯನ್ನು ಮೊದಲು ನೋಡಬೇಕೆಂದು ಹಟ ಹಿಡಿಯುವವನು ನಾನು. ಅಲ್ಲಿಯ ಖೇಜಡಿ ಎಂದರೆ ನಮ್ಮ ಬನ್ನಿ ಮರ. ವಿಜಯದಶಮಿಯ ಸಂಜೆ ಎಲೆ ಹಂಚಿಕೊಂಡು ಬಂಗಾರದ ಹಾಗಿರೋಣ ಎಂದು ಹೇಳಿಕೊಂಡ ಎರಡು ವಾರದೊಳಗೆ, ಆ ಎಲೆಯ ತವರಿನಲ್ಲಿ ನೀವು ನಿಂತಿರುತ್ತೀರಿ. 1730ರಲ್ಲಿ ಜೋಧಪುರದ ಅರಮನೆಯ ಸುಣ್ಣ ಬೇಯಿಸುವುದಕ್ಕಾಗಿ ಮರ ಕಡಿಯಲು ಬಂದವರೆದುರು ಅಮೃತಾದೇವಿ ಎಂಬ ಬಿಷ್ಣೋಯಿ ಸಮುದಾಯದ ಹೆಂಗಸು ಮರವನ್ನು ತಬ್ಬಿ ನಿಂತರು. ಅವರನ್ನೂ ಸೇರಿಸಿ 363 ಜನ ಅಲ್ಲಿ ಪ್ರಾಣ ಕೊಟ್ಟರು. ಮರವನ್ನು ಅಪ್ಪಿಕೊಂಡು ಕಡಿಯುವುದನ್ನು ತಡೆದ ಹಿಮಾಲಯದ ಚಿಪ್ಕೊ ಚಳವಳಿಯನ್ನು ನೆನೆಯುವವರೆಲ್ಲ ಈ ಊರನ್ನೂ ನೆನೆಯುತ್ತಾರೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡಾಗ ಅದೇ ಮಾತು ಕನ್ನಡದಲ್ಲಿ ಅಪ್ಪಿಕೊ ಆಯಿತು. ಮರುಭೂಮಿ, ಹಿಮಾಲಯ, ಮಲೆನಾಡು ಮೂರನ್ನೂ ಕಟ್ಟುವ ಎಳೆ ಇದಾದ್ದರಿಂದ, ಬೇಕಾದರೆ ಕೋಟೆಯೊಂದನ್ನು ಬಿಟ್ಟು ಇಲ್ಲಿ ಅರ್ಧ ದಿನ ಕಳೆಯಿರಿ. ಮರದ ತೊಗಟೆಯನ್ನು ಕೈಯಿಂದ ಮುಟ್ಟಿ ನೋಡಿ. ನಮ್ಮ ಮರಗಳಿಗೆ ಹಬ್ಬುವ ಪಾಚಿ, ಸೀತಾಳೆದಂಡೆ ಒಂದೂ ಇಲ್ಲ. ಒಣಗಿ ಸೀಳಿದ, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ತೊಗಟೆ, ಮೇಲೆ ಮಾತ್ರ ಹಸಿರು. ಅದರ ಕೋಡು ಅಲ್ಲಿಯವರಿಗೆ ಪಲ್ಯ, ಸೊಪ್ಪು ಆಡು ಒಂಟೆಗಳಿಗೆ ಮೇವು. ಅದೇ ರಾತ್ರಿ ಊಟಕ್ಕೆ ಕೇರ್ ಸಾಂಗ್ರಿ ಕೇಳಿ. ಆ ಸಾಂಗ್ರಿ ಇದೇ ಮರದ ಕೋಡು.

ಖೀಚನ್‌ಗೆ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೇ ತಲುಪಬೇಕಾದ್ದರಿಂದ ಹಿಂದಿನ ರಾತ್ರಿ ಫಲೋದಿಯಲ್ಲಿ ತಂಗುವುದು ಒಳ್ಳೆಯದು. ಕುರ್ಜಾ ಎಂದು ಅಲ್ಲಿ ಕರೆಯುವ ಕೊಕ್ಕರೆಯಂಥ ಬೂದು ಹಕ್ಕಿಗಳು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬಂದು ಚಳಿಗಾಲ ಕಳೆಯುವ ಊರಿದು. ಊರಿನವರೇ ಕಾಳು ಹಾಕಿ ಸಾಕಿಕೊಂಡು ಬಂದಿದ್ದಾರೆ. ಮಂಡಗದ್ದೆಯ ಹಕ್ಕಿಗಳನ್ನು ನೋಡಿ ಬೆಳೆದವರಿಗೆ ಜನ ಮತ್ತು ಹಕ್ಕಿಯ ಈ ಸಲಿಗೆ ಅರ್ಥವಾಗುತ್ತದೆ.

ಮರುಭೂಮಿ ಉದ್ಯಾನವೆಂದರೆ ಎಲ್ಲೆಲ್ಲೂ ಮರಳದಿಬ್ಬ ಎಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ದಿಬ್ಬಗಳಿರುವುದು ಐದನೇ ಒಂದು ಭಾಗದಷ್ಟು. ಉಳಿದದ್ದು ಕಲ್ಲುನೆಲ, ಉಪ್ಪುನೆಲ ಮತ್ತು ಸೇವಣ ಹುಲ್ಲಿನ ಬಯಲು. ಆ ಹುಲ್ಲುಬಯಲೇ ಗೋಡಾವಣದ ಮನೆ. ಇಂಗ್ಲಿಷಿನವರ ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಬಯಲುಸೀಮೆಯವರ ದೊರವಾಯನ ಹಕ್ಕಿ ಅದು. ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ, ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆಯನ್ನು ನೆಲದ ಮೇಲೆ ಇಡುತ್ತದೆ. ನೇರ ಎದುರಿನ ನೋಟ ಅದಕ್ಕೆ ಕಡಿಮೆಯಾದ್ದರಿಂದ ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಒಂದು ಕಾಲಕ್ಕೆ ಈ ಹಕ್ಕಿಯಿತ್ತು. ಈಗ ಅದನ್ನು ನೋಡಲು ನಾವು ಇಷ್ಟು ದೂರ ಬರಬೇಕಾಗಿದೆ. ಜೈಸಲ್ಮೇರಿನ ಬಳಿಯ ಸಮ್‌ನಲ್ಲಿ 2019ರಿಂದ ಮೊಟ್ಟೆಗಳನ್ನು ತಂದು ಮರಿ ಮಾಡಿಸಿ ಬೆಳೆಸುವ ಕೆಲಸ ನಡೆಯುತ್ತಿದೆ.

ಈ ಹಕ್ಕಿ ಕಾಣಲೇಬೇಕೆಂದು ಮಾರ್ಗದರ್ಶಿಯನ್ನು ಒತ್ತಾಯಿಸಬೇಡಿ. ವಾಹನವನ್ನು ದಾರಿಯಿಂದ ಕೆಳಗಿಳಿಸಿ ಹುಲ್ಲಿನ ಮೇಲೆ ಓಡಿಸುವಂತೆ ಹಣದ ಆಸೆ ತೋರಿಸುವವರನ್ನು ತಂಡದವರೇ ತಡೆಯಬೇಕು. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೊರಟು, ಬೂದು, ಕಂದು, ಹುಲ್ಲಿನ ಬಣ್ಣದ ಬಟ್ಟೆಯಲ್ಲಿ, ದೂರದರ್ಶಕ ಹಿಡಿದು ಸದ್ದಿಲ್ಲದೆ ಕುಳಿತರೆ ಚಿಂಕಾರ ಎಂಬ ಸಣ್ಣ ಹುಲ್ಲೆ, ಮರುಭೂಮಿ ನರಿ, ಮುಳ್ಳುಬಾಲದ ಹಲ್ಲಿ ಕಂಡೇ ಕಾಣುತ್ತವೆ. ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಹೊರಗೆ ಬರಬಾರದು. ದಿನಕ್ಕೆ ನಾಲ್ಕು ಲೀಟರ್ ನೀರು, ಬಾಯಾರಿಕೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ಈ ಲೆಕ್ಕವನ್ನು ಬಿಟ್ಟು ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ದಿಬ್ಬಗಳ ಸುತ್ತ ಡೇರೆಗಳ ಸಾಲೇ ಇದೆ, ರಾತ್ರಿ ಧ್ವನಿವರ್ಧಕ ಮತ್ತು ದೀಪಗಳ ಅಬ್ಬರ. ನಕ್ಷತ್ರ ಮತ್ತು ಮೌನ ಬೇಕಾದವರು ಖೂಡಿಯ ಕಡೆಯ ಹಳ್ಳಿಮನೆಗಳಲ್ಲಿ ತಂಗಲು ಕೇಳಬೇಕು. ಜೈಸಲ್ಮೇರಿನಿಂದ ಬಾಡ್‌ಮೇರ್ ದಾರಿಯಲ್ಲಿ ಸುಮಾರು 17 ಕಿಲೋಮೀಟರ್ ದೂರದ ಆಕಲ್‌ನಲ್ಲಿ 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಕಬ್ಬಿಣದ ಪಂಜರದೊಳಗಿನ ಆ ಕಾಂಡಗಳ ಮುಂದೆ ನಿಂತು, ಇಲ್ಲೂ ಒಮ್ಮೆ ನಮ್ಮಲ್ಲಿಯಂತೆ ಮಳೆ ಸುರಿದು ಕಾಡಿತ್ತೆಂದು ಯೋಚಿಸುವುದಕ್ಕೆ ಅರ್ಧ ಗಂಟೆ ಸಾಕು, ಆದರೆ ಆ ಅರ್ಧ ಗಂಟೆ ಬಿಡಬಾರದು.

ಬೆಟ್ಟದ ದಿನಗಳು

ದೆಹಲಿಯ ವಿಶ್ರಾಂತಿಯ ದಿನ ಬಟ್ಟೆ ಒಗೆದುಕೊಳ್ಳಿ, ಚೀಲವನ್ನು ತಿರುವುಮುರುವು ಮಾಡಿ ಉಣ್ಣೆಯನ್ನು ಮೇಲಕ್ಕೆ ತನ್ನಿ, ನೀರು ಕುಡಿಯಿರಿ. ಮರುಭೂಮಿಯಲ್ಲಿ ಒಣಗಿದ ಮೈಯಲ್ಲಿ ನೇರವಾಗಿ ಬೆಟ್ಟಕ್ಕೆ ಹೋದರೆ ತಲೆನೋವು ಬಂದಾಗ ಅದು ನೀರಿನ ಕೊರತೆಯದೋ ಎತ್ತರದ್ದೋ ತಿಳಿಯದಾಗುತ್ತದೆ. ಬೂಟಿನ ತಳ, ಲೇಸು, ಸಾಕ್ಸುಗಳಿಗೆ ಕಚ್ಚಿಕೊಂಡ ಹುಲ್ಲಿನ ಮುಳ್ಳುಬೀಜಗಳನ್ನು ಒಂದೊಂದಾಗಿ ಆರಿಸಿ ಕಸದ ಡಬ್ಬಿಗೆ ಹಾಕಿ. ಯುಪಟೋರಿಯಂ ಕಳೆ ಎಲ್ಲಿಂದಲೋ ಬಂದು ನಮ್ಮ ಗುಡ್ಡಗಳನ್ನು ಹೇಗೆ ಆವರಿಸಿತೆಂದು ಬಲ್ಲ ನಾವು ಇನ್ನೊಬ್ಬರ ಕಾಡಿಗೆ ಪರದೇಶಿ ಬೀಜ ಒಯ್ಯುವುದು ಸಲ್ಲದು.

ಗುಶೈಣಿ ಸುಮಾರು 1600 ಮೀಟರ್ ಎತ್ತರದಲ್ಲಿದೆ. ದೇವದಾರಿನ ತೊಲೆ ಮತ್ತು ಕಲ್ಲನ್ನು ಒಂದರ ಮೇಲೊಂದು ಕೂಡಿಸಿ ಕಟ್ಟಿದ ಕಾಠಕುಣಿ ಮನೆಗಳು ಆ ಕಡೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ. ತೊಟ್ಟಿಮನೆಯಲ್ಲಿ ಬೆಳೆದವರು ಅವುಗಳ ಕಟ್ಟಿಗೆಯ ಕೆಲಸವನ್ನು ನೋಡುತ್ತಾ ನಿಲ್ಲುತ್ತಾರೆ. ಮೊದಲ ದಿನ ನದಿಯ ದಡದಲ್ಲೇ ಸುಮ್ಮನೆ ಓಡಾಡಿ. ಉದ್ಯಾನದ ಅನುಮತಿಯನ್ನು ಸಾಯಿ ರೋಪಾದ ಕಚೇರಿಯಲ್ಲಿ ಪಡೆಯಬೇಕು. ಎರಡನೆಯ ದಿನ ಸುಮಾರು ಹತ್ತು ಕಿಲೋಮೀಟರ್ ನಡೆದು, ಉದ್ಯಾನದ ಬಾಗಿಲು ದಾಟಿ ರೋಲಾ ಎಂಬಲ್ಲಿ ತಂಗಿ, ಮೂರನೆಯ ದಿನ ಹಿಂತಿರುಗಬಹುದು. ದಾರಿ ನಮ್ಮ ಘಟ್ಟದ ಕಾಲುದಾರಿಯಂತೆ ನದಿಯ ಬದಿಯಲ್ಲೇ ಏರಿಳಿಯುತ್ತದೆ, ಇಂಬಳ ಮಾತ್ರ ಆ ಕಾಲಕ್ಕೆ ಇರುವುದಿಲ್ಲ. ಜುಜುರಾಣಾ ಎಂಬ ಬಣ್ಣದ ಕಾಡುಕೋಳಿಯಂಥ ಹಕ್ಕಿ, ತಾಹರ್ ಎಂಬ ಬೆಟ್ಟದ ಆಡು ಈ ಉದ್ಯಾನದಲ್ಲಿವೆ. ಹಿಮಚಿರತೆಯೂ ಇದೆ, ಆದರೆ ಅದು ಮೇಲಿನ ಹಿಮದಂಚಿನದ್ದು, ನಿಮಗೆ ಕಾಣುವ ಆಸೆ ಇಟ್ಟುಕೊಳ್ಳಬೇಡಿ.

ನಾಲ್ಕನೆಯ ದಿನ ಆರೋಗ್ಯವಾಗಿದ್ದವರು 3120 ಮೀಟರ್ ಎತ್ತರದ ಜಲೋರಿ ಕಣಿವೆದಾರಿಗೆ ವಾಹನದಲ್ಲಿ ಹೋಗಿ ಬರಬಹುದು. ಮೊದಲ ಪ್ರವಾಸದಲ್ಲಿ ನಮ್ಮನ್ನು ರಾತ್ರಿ ಬಸ್ಸಿನಿಂದ ಇಳಿದ ಬೆಳಿಗ್ಗೆಯೇ ಅಲ್ಲಿಗೆ ಹತ್ತಿಸಿದ್ದರು, ಹನ್ನೊಂದು ಜನರಲ್ಲಿ ನಾಲ್ವರು ವಾಂತಿ ಮಾಡಿಕೊಂಡಿದ್ದೆವು. ಎರಡನೆಯ ಬಾರಿ ಮೂರು ದಿನ ಕೆಳಗಿದ್ದು ಹೋದಾಗ ಯಾರಿಗೂ ಏನೂ ಆಗಲಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಮೇಲೆ ಹೋಗಬಾರದು. ಹೆಚ್ಚಾದರೆ, ಮಾತು ನಡಿಗೆ ತಡವರಿಸಿದರೆ, ಹೊತ್ತು ನೋಡದೆ ಕೆಳಗಿಳಿಸಬೇಕು. ಮಾತ್ರೆ ನುಂಗಿಸಿ ಮೇಲಕ್ಕೆ ಒಯ್ಯುವುದು ಅಪಾಯ. ಆ ವರ್ಷ ಮಳೆಗಾಲ ಜೋರಾಗಿದ್ದರೆ ಔಟ್‌ನಿಂದ ಬಂಜಾರ್‌ವರೆಗಿನ ದಾರಿ ಕುಸಿದಿಲ್ಲವೆಂದು ಹೊರಡುವ ಹಿಂದಿನ ವಾರ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳು ಮುಚ್ಚುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮನೆಗೆ ಬಂದ ಎರಡು ಮೂರು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ, ವೈದ್ಯರ ಬಳಿ ಹೋದಾಗ ಹಿಮಾಚಲದ ಹುಲ್ಲುಗಾಡಿನಲ್ಲಿ ಓಡಾಡಿದ್ದನ್ನು ತಪ್ಪದೆ ಹೇಳಿ. ಅಲ್ಲಿ ಸಣ್ಣ ನುಸಿಹುಳುಗಳ ಕಡಿತದಿಂದ ಹರಡುವ ಸ್ಕ್ರಬ್ ಟೈಫಸ್ ಇದೆ. ನಮ್ಮ ಕಡೆಯ ವೈದ್ಯರು ಜ್ವರವೆಂದರೆ ಮಂಗನ ಕಾಯಿಲೆಯನ್ನೇ ಮೊದಲು ನೆನೆಯುವುದು ಸಹಜ. ನೀವು ಹೇಳಿದರೆ ಮಾತ್ರ ಇನ್ನೊಂದು ಪರೀಕ್ಷೆಯನ್ನೂ ಮಾಡಿಸುತ್ತಾರೆ, ಬೇಗ ಗೊತ್ತಾದರೆ ಅದಕ್ಕೆ ಸರಿಯಾದ ಔಷಧವಿದೆ.